ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆಸಿದರೆ ಕಳ್ಳರು ಬರುವುದಿಲ್ಲವೇ? ನಿಜವಾದ ನಾಯಿಯೇ ಬೇಕೇ?

ಸೇಡಂ ರಸ್ತೆಯವ · ಭಾನುವಾರ ಬೆಳಿಗ್ಗೆ

ಕಲಬುರಗಿಯ ಸೇಡಂ ರಸ್ತೆಯಿಂದ ಒಳಕ್ಕೆ ಹೋಗುವ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆ. ಅರ್ಧಕ್ಕರ್ಧ ನಿವೇಶನಗಳು ಇನ್ನೂ ಖಾಲಿ. ಜಾಲಿ ಆಳೆತ್ತರ ಬೆಳೆದಿದೆ. ಬೀದಿದೀಪ ಒಂದು ಉರಿದರೆ ಇನ್ನೊಂದು ಉರಿಯುವುದಿಲ್ಲ. ಹೋದ ತಿಂಗಳು ನಮ್ಮ ಸಾಲಿನಲ್ಲಿ ಎರಡು ಮನೆಗಳಲ್ಲಿ ಕಳ್ಳತನವಾಯಿತು. ಒಂದು ಮನೆಯವರು ಮದುವೆಗೆಂದು ಆಳಂದಕ್ಕೆ ಹೋಗಿದ್ದರು, ಇನ್ನೊಂದು ಮನೆಯವರು ಒಂದೇ ರಾತ್ರಿಯ ಮಟ್ಟಿಗೆ ಊರಲ್ಲಿರಲಿಲ್ಲ. ಸೋಜಿಗವೆಂದರೆ ಎರಡನೆಯ ಮನೆಯಲ್ಲಿ ನಾಯಿ ಇತ್ತು, ಹಿತ್ತಲಿನಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಈ ಎರಡು ಮನೆಗಳ ನಡುವೆ ಇರುವ ಮನೆಯಲ್ಲಿ ನಾಯಿಯೇ ಇಲ್ಲ, ಗೇಟಿನ ಮೇಲೆ ಕೆಂಪು ಅಕ್ಷರದ ಫಲಕ ಮಾತ್ರ ಇದೆ. ಅದನ್ನು ಯಾರೂ ಮುಟ್ಟಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ದಿನವೂ ಇದೇ ಪಂಚಾಯಿತಿ. ಹೆಂಡತಿ ನಾಯಿ ತರೋಣ ಎನ್ನುತ್ತಾಳೆ. ಅಪ್ಪ, ಫಲಕ ಸಾಕು, ಅದಕ್ಕೆ ರೊಟ್ಟಿ ಹಾಕಬೇಕಾಗಿಲ್ಲ ಎನ್ನುತ್ತಾರೆ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಸಂಜೆಗೆ. ಅಪ್ಪ ಬಿತ್ತನೆ, ರಾಶಿ ಎಂದು ಹೊಲದ ಕಡೆ ಇರುವುದೇ ಹೆಚ್ಚು. ಬಲ್ಲವರು ಹೇಳಿ, ಯಾವುದಕ್ಕೆ ದುಡ್ಡು ಹಾಕಲಿ?

ತೊಗರಿ ಕಣಜ · ಭಾನುವಾರ ಬೆಳಿಗ್ಗೆ

ಅಪ್ಪನ ಮಾತು ಕೇಳಿ. ಫಲಕ ಕಚ್ಚುವುದೂ ಇಲ್ಲ, ಪಕ್ಕದ ಮನೆಯವರೊಂದಿಗೆ ಜಗಳ ತರುವುದೂ ಇಲ್ಲ. ಕಳ್ಳನಿಗೆ ಓದಲು ಬರಬೇಕು, ಅಷ್ಟೆ.

ಹಳೆಯ ಬೀಟ್ · ಭಾನುವಾರ ಮಧ್ಯಾಹ್ನ

ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು ನಾನು. ಮೊದಲು ಒಂದು ಪ್ರಶ್ನೆ: ನಡುವಿನ ಮನೆಯವರು ಆ ಎರಡೂ ರಾತ್ರಿ ಮನೆಯಲ್ಲೇ ಇದ್ದರೇ? ಇದ್ದರು ಎಂದಾದರೆ ಫಲಕವನ್ನು ಹೊಗಳುವುದು ಬೇಡ.

ನಾನು ಕಂಡ ಕನ್ನಗಳ್ಳರಲ್ಲಿ ಬಹುಪಾಲು ಜನರು ಹುಡುಕುತ್ತಿದ್ದದ್ದು ಶ್ರೀಮಂತರ ಮನೆಯನ್ನಲ್ಲ, ಆಳಿಲ್ಲದ ಮನೆಯನ್ನು. ಅದನ್ನು ತಿಳಿಯಲು ಅವರಿಗೆ ವಿಶೇಷ ವಿದ್ಯೆಯೇನೂ ಬೇಡ. ಕೊಂಡಿಯಲ್ಲಿ ತೂಗುವ ಬೀಗ ರಸ್ತೆಗೇ ಕಾಣುತ್ತದೆ. ಅಂಗಳಕ್ಕೆ ನೀರು ಬಿದ್ದಿರುವುದಿಲ್ಲ, ನಿನ್ನೆಯ ರಂಗೋಲಿ ಹಾಗೆಯೇ ಮಾಸಿರುತ್ತದೆ, ಪತ್ರಿಕೆ ಗೇಟಿನೊಳಗೆ ಬಿದ್ದಿರುತ್ತದೆ. ಇನ್ನೊಂದನ್ನು ಜನ ಗಮನಿಸುವುದೇ ಇಲ್ಲ: ಕಳ್ಳರು ಬರಬಾರದೆಂದು ಪಡಸಾಲೆಯ ದೀಪ ಹಾಕಿ ಹೋಗುತ್ತಾರೆ. ಅದು ಮಟಮಟ ಮಧ್ಯಾಹ್ನದಲ್ಲೂ ಉರಿಯುತ್ತಿರುತ್ತದೆ. ಮನೆಯಲ್ಲಿ ಯಾರೂ ಇಲ್ಲ ಎಂದು ಬರೆದು ಹಾಕಬೇಕಾಗಿಲ್ಲ, ಆ ದೀಪವೇ ಸಾಕು.

ನಾಯಿಯ ವಿಷಯಕ್ಕೆ ಬರುತ್ತೇನೆ. ನಾಯಿಯ ಬೊಗಳಿಗೆ ಕಳ್ಳ ಹೆದರುವುದು ಆ ಬೊಗಳು ಕೇಳಿ ಯಾರಾದರೂ ಎದ್ದು ಬರುತ್ತಾರೆ ಎಂಬ ಕಾರಣಕ್ಕೆ. ಅನುಭವಸ್ಥ ಕಳ್ಳ ಮೊದಲು ಗೇಟಿಗೆ ಒಂದು ಹರಳು ಎಸೆಯುತ್ತಾನೆ. ನಾಯಿ ಬೊಗಳುತ್ತದೆ. ಅವನು ಕತ್ತಲಲ್ಲಿ ನಿಂತು ನೋಡುವುದು ನಾಯಿಯನ್ನಲ್ಲ, ಕಿಟಕಿಯನ್ನು. ದೀಪ ಹತ್ತಿದರೆ ಮುಂದಕ್ಕೆ ಹೋಗುತ್ತಾನೆ. ಹತ್ತಲಿಲ್ಲವೆಂದರೆ ಇನ್ನೊಂದು ಹರಳು. ನಾಯಿ ಹತ್ತು ನಿಮಿಷ ಗಂಟಲು ಹರಿದುಕೊಂಡರೂ ಒಳಗಿನಿಂದ ಒಂದು ‘ಹೇ’ ಎಂಬ ಸದ್ದೂ ಬಾರದಿದ್ದರೆ, ಮನೆ ಖಾಲಿ ಎಂಬ ವರದಿಯನ್ನು ನಿಮ್ಮ ನಾಯಿಯೇ ಅವನಿಗೆ ಒಪ್ಪಿಸಿದಂತಾಯಿತು. ಹಿತ್ತಲಿನಲ್ಲಿ ಕಟ್ಟಿದ ಆ ನಾಯಿಯ ಕಥೆ ಇದೇ ಇರಬೇಕು. ಸರಪಳಿ ಎಷ್ಟು ಉದ್ದ ಎಂದು ನೋಡಿಕೊಂಡು ಮುಂಬಾಗಿಲಿನಿಂದ ಒಳಗೆ ಹೋಗಿರುತ್ತಾರೆ.

ಶರಣಬಸವೇಶ್ವರರ ರಥೋತ್ಸವದ ಸಂಜೆ ಊರಿಗೆ ಊರೇ ಗುಡಿಯ ಕಡೆ ಹೋಗುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಓಣಿಗಳಲ್ಲಿ ಗಸ್ತು ತಿರುಗಿದವರಿಗೆ ಗೊತ್ತು, ಎಷ್ಟು ಮನೆಗಳಲ್ಲಿ ನಾಯಿ ಬೊಗಳುತ್ತಿದ್ದರೂ ಒಂದು ತಲೆಯೂ ಹೊರಗೆ ಇಣುಕುವುದಿಲ್ಲ ಎಂದು.

ಸೇಡಂ ರಸ್ತೆಯವ · ಭಾನುವಾರ ಮಧ್ಯಾಹ್ನ

ಕೇಳಿಕೊಂಡು ಬಂದೆ. ನಡುವಿನ ಮನೆಯವರು ಎರಡೂ ರಾತ್ರಿ ಮನೆಯಲ್ಲೇ ಇದ್ದರು. ಮಗನಿಗೆ ಪರೀಕ್ಷೆಯಂತೆ, ರಾತ್ರಿ ಎರಡರವರೆಗೆ ದೀಪ ಉರಿಯುತ್ತಿತ್ತಂತೆ. ಆದರೂ ಅವರ ಪ್ರಕಾರ ಕಾಪಾಡಿದ್ದು ಫಲಕವೇ.

ತೊಗರಿ ಕಣಜ · ಭಾನುವಾರ ಮಧ್ಯಾಹ್ನ

ಹಾಗಾದರೆ ‘ಪರೀಕ್ಷೆ ಇದೆ, ಎಚ್ಚರಿಕೆ’ ಎಂದು ಬರೆಸಿ.

ಲೆಕ್ಕದ ಮಾಸ್ತರ · ಭಾನುವಾರ ಸಂಜೆ

ಹಳೆಯ ಬೀಟ್ ಅವರು ಅನುಭವದಿಂದ ಹೇಳಿದ್ದನ್ನು ಕಳ್ಳರ ಬಾಯಿಂದಲೇ ಕೇಳಿದವರಿದ್ದಾರೆ. ಅಮೆರಿಕದ ಷಾರ್ಲೆಟ್ ನಗರದಲ್ಲಿರುವ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು ಮೂರು ರಾಜ್ಯಗಳ ಜೈಲುಗಳಲ್ಲಿದ್ದ 422 ಮನೆಗಳ್ಳರನ್ನು ಪ್ರಶ್ನಿಸಿ 2012ರಲ್ಲಿ ವರದಿ ಕೊಟ್ಟರು. ನುಗ್ಗುವ ಮೊದಲು ಎಚ್ಚರಿಕೆಯ ಗಂಟೆ, ಅಂದರೆ ಅಲಾರಂ, ಇದೆಯೇ ಎಂದು ನೋಡುತ್ತೇವೆ ಎಂದವರು ಶೇ 83ರಷ್ಟು. ಇದೆ ಎಂದು ಗೊತ್ತಾದರೆ ಬೇರೆ ಮನೆ ಹುಡುಕುತ್ತೇವೆ ಎಂದವರು ಶೇ 60ರಷ್ಟು. ಅವರನ್ನು ಹಿಂಜರಿಯುವಂತೆ ಮಾಡುವ ಸಂಗತಿಗಳಲ್ಲಿ ಹತ್ತಿರದಲ್ಲಿ ಜನರ ಓಡಾಟ, ಮನೆಯೊಳಗೆ ಆಳು ಇರುವುದು, ತಪ್ಪಿಸಿಕೊಳ್ಳುವ ದಾರಿ ಇಲ್ಲದಿರುವುದು, ಕ್ಯಾಮೆರಾ, ನಾಯಿ ಇವೆಲ್ಲವೂ ಇದ್ದವು. ಆದರೆ ಒಂದು ಮಾತು ನೆನಪಿರಲಿ: ಇವರೆಲ್ಲ ಸಿಕ್ಕಿಬಿದ್ದವರು. ಸಿಕ್ಕಿಬೀಳದವರನ್ನು ಯಾರು ಕೇಳಬೇಕು?

ಇದಕ್ಕಿಂತ ನನಗೆ ಹಿಡಿಸಿದ್ದು ಒಹಾಯೊ ರಾಜ್ಯದ ಕೊಲಂಬಸ್ ನಗರದ ಅಧ್ಯಯನ. 2022ರಲ್ಲಿ ಪ್ರಕಟವಾಯಿತು. ನಗರವನ್ನು 595 ಸಣ್ಣ ಪ್ರದೇಶಗಳಾಗಿ ತೆಗೆದುಕೊಂಡು, ನಾಯಿ ಸಾಕುವ ಮನೆಗಳ ಪ್ರಮಾಣವನ್ನೂ ಅಪರಾಧದ ಅಂಕಿಗಳನ್ನೂ ಹೋಲಿಸಿದರು. ನಾಯಿಗಳು ಹೆಚ್ಚಿರುವ ಕಡೆ ಆಸ್ತಿಪಾಸ್ತಿಯ ಕಳ್ಳತನ ಕಡಿಮೆ ಇತ್ತು. ದರೋಡೆ, ಕೊಲೆಯಂಥ ಅಪರಾಧಗಳು ಮಾತ್ರ, ನಾಯಿಗಳ ಜೊತೆಗೆ ನೆರೆಹೊರೆಯವರಲ್ಲಿ ಪರಸ್ಪರ ನಂಬಿಕೆಯೂ ಇದ್ದ ಕಡೆ ಕಡಿಮೆ ಇದ್ದವು. ನಾಯಿಯನ್ನು ಅಡ್ಡಾಡಿಸಲು ಜನ ಬೀದಿಗೆ ಇಳಿಯುತ್ತಾರೆ, ಯಾರು ಹೊಸಬರು, ಯಾರು ಹಳಬರು ಎಂದು ಕಣ್ಣಿಗೆ ಬೀಳುತ್ತದೆ ಎಂಬುದು ಅವರ ವಿವರಣೆ. ನಮ್ಮಲ್ಲಿ ನಾಯಿಯನ್ನು ಗೇಟಿನ ಒಳಗೆ ಕಟ್ಟಿ ಹಾಕುತ್ತೇವೆ, ನಾವು ಟಿ.ವಿ. ಮುಂದೆ ಕೂರುತ್ತೇವೆ. ಆ ಲೆಕ್ಕವನ್ನು ಇಲ್ಲಿಗೆ ಇದ್ದ ಹಾಗೆಯೇ ತಂದು ಕೂಡಿಸಲಾಗದು.

ಇನ್ನು ಫಲಕ. ಅದು ಎರಡು ಸಾವಿರ ವರ್ಷ ಹಳೆಯದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿದ ಇಟಲಿಯ ಪಾಂಪೇಯಿ ನಗರದಲ್ಲಿ ಒಂದು ಮನೆಯ ಬಾಗಿಲ ನೆಲದ ಮೇಲೆಯೇ ಸರಪಳಿ ಹಾಕಿದ ಕಪ್ಪು ನಾಯಿಯ ಚಿತ್ರವನ್ನು ಕಲ್ಲಿನ ಚೂರುಗಳಲ್ಲಿ ಕೂರಿಸಿ, ಕೆಳಗೆ ನಾಯಿಯಿದೆ ಜೋಕೆ ಎಂದು ಬರೆದಿದ್ದಾರೆ. ಕಳ್ಳರು ಬಂದರೋ ಇಲ್ಲವೋ, ಬೂದಿಯಂತೂ ಬಂತು.

ಮಾಳಿಗೆ ಮೇಲೆ ಮಲಗುವವ · ಭಾನುವಾರ ರಾತ್ರಿ

ಅಮೆರಿಕದ ಕಳ್ಳರನ್ನು ಏಪ್ರಿಲ್ ತಿಂಗಳಲ್ಲಿ ಇಲ್ಲಿಗೆ ಕರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ. 42, 43 ಡಿಗ್ರಿ ಬಿಸಿಲು ಕುಡಿದ ಆರ್‌ಸಿಸಿ ಮನೆ ರಾತ್ರಿ ಒಂದರವರೆಗೂ ಒಲೆ ಇದ್ದ ಹಾಗೆ ಇರುತ್ತದೆ. ಅರ್ಧ ಊರು ಮಾಳಿಗೆಯ ಮೇಲೆ ಮಲಗುತ್ತದೆ, ಉಳಿದರ್ಧ ಕೂಲರ್ ಹಚ್ಚಿಕೊಂಡು ಮಲಗುತ್ತದೆ. ಹುಲ್ಲಿನ ಜಾಲರಿಯ ಆ ದೊಡ್ಡ ಕೂಲರ್ ತಿರುಗುತ್ತಿದ್ದರೆ ಪಕ್ಕದಲ್ಲಿ ಮಲಗಿದವರು ಕರೆದರೂ ಕೇಳುವುದಿಲ್ಲ, ಇನ್ನು ಹಿತ್ತಲಿನ ನಾಯಿ ಯಾವ ಲೆಕ್ಕ?

ನಮ್ಮ ಮನೆಯಲ್ಲಿ ಆದದ್ದೇ ಹೀಗೆ. ನಾವೆಲ್ಲ ಮೇಲೆ, ನಾಯಿ ಕೆಳಗೆ. ಬೆಳಿಗ್ಗೆ ಇಳಿದು ಬಂದರೆ ಕಪಾಟು ಬಾಯಿ ತೆರೆದು ನಿಂತಿದೆ, ಸೀರೆಗಳೆಲ್ಲ ನೆಲದ ಮೇಲೆ. ನಾಯಿ ತಣ್ಣಗಿನ ಫರಸಿಯ ಮೇಲೆ ಕಾಲು ಚಾಚಿ ಮಲಗಿತ್ತು. ಎದುರು ಮನೆಯ ಕ್ಯಾಮೆರಾದಲ್ಲಿ ನೋಡಿದೆವು. ಒಬ್ಬ ಕಾಂಪೌಂಡ್ ಹಾರಿ ಒಳಗೆ ಬಂದ. ನಮ್ಮ ನಾಯಿ ಎರಡು ಸಲ ಬೊಗಳಿತು. ಅವನು ಜೇಬಿನಿಂದ ಏನೋ ತೆಗೆದು ಹಾಕಿದ. ಮುಂದೆ ಅವನು ಹೋದಲ್ಲೆಲ್ಲ ಇದು ಬಾಲ ಅಲ್ಲಾಡಿಸುತ್ತ ಹಿಂದೆ ಹಿಂದೆ ತಿರುಗುತ್ತಿದೆ, ಮನೆ ತೋರಿಸಲು ಬಂದ ದಲ್ಲಾಳಿಯಂತೆ. ಹೋಗುವಾಗ ಗೇಟಿನವರೆಗೆ ಬೀಳ್ಕೊಟ್ಟು ಬಂತು.

ಕಳ್ಳನಿಗಿಂತ ಆ ದೃಶ್ಯವೇ ನಮ್ಮ ಅವ್ವನಿಗೆ ಹೆಚ್ಚು ಸಂಕಟ ಕೊಟ್ಟಿತು. ನಾಯಿಗೆ ಎರಡು ದಿನ ರೊಟ್ಟಿ ಹಾಕಲಿಲ್ಲ. ಮೂರನೆಯ ದಿನ ಅವಳೇ ಹಾಲು ಹಾಕಿ ಕಲಸಿ ಕೊಟ್ಟಳು.

ಹೆಸರು ಬೇಡ · ಭಾನುವಾರ ರಾತ್ರಿ

ನಾಯಿ, ಫಲಕ ಎಲ್ಲ ಬಿಡಿ. ಓಣಿಯಲ್ಲಿ ಚಾದರ ಮಾರುವವರು, ರದ್ದಿಯವರು, ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರು ಇವರನ್ನು ಒಳಗೆ ಬಿಡದಿದ್ದರೆ ಅರ್ಧ ಕಳ್ಳತನ ನಿಲ್ಲುತ್ತದೆ.

ಹಳೆಯ ಬೀಟ್ · ಸೋಮವಾರ ಬೆಳಿಗ್ಗೆ

ಇಂಥ ಮಾತಿನಿಂದ ಎಷ್ಟು ಬಡಪಾಯಿಗಳು ಓಣಿಯಲ್ಲಿ ಏಟು ತಿಂದಿದ್ದಾರೆ ಎಂದು ನನಗೆ ಗೊತ್ತು. ಬಿಡಿಸಿಕೊಂಡು ಠಾಣೆಗೆ ಕರೆತಂದವನೂ ನಾನೇ. ಹೊಟ್ಟೆಪಾಡಿಗೆ ಚಾದರ ಹೊತ್ತು ತಿರುಗುವವನಿಗೆ ಅಂಟಿಸಿದ ಅನುಮಾನ ನಿಜವಾದ ಕಳ್ಳನಿಗೆ ಬಹಳ ಅನುಕೂಲ. ಕಪಾಟು ಎಲ್ಲಿದೆ, ಕೀಲಿ ಎಲ್ಲಿ ಇಡುತ್ತಾರೆ ಎಂದು ಬಲ್ಲವರು ಎಷ್ಟೋ ಪ್ರಕರಣಗಳಲ್ಲಿ ಮನೆಯವರಿಗೆ ಗುರುತಿದ್ದವರೇ. ಅವರಿಗೆ ನಾಯಿ ಬೊಗಳುವುದಿಲ್ಲ, ಫಲಕ ಸುಳ್ಳೋ ನಿಜವೋ ಎಂದೂ ಗೊತ್ತಿರುತ್ತದೆ.

ಬ್ರಹ್ಮಪುರದ ಮನೆ · ಸೋಮವಾರ ಬೆಳಿಗ್ಗೆ

ಇಲ್ಲಿ ಬರೆದವರೆಲ್ಲ ಖಾಲಿ ಮನೆಯ ಬಗ್ಗೆಯೇ ಹೇಳುತ್ತಿದ್ದೀರಿ. ನಾನೂ ನನ್ನ ತಾಯಿಯೂ ಇಬ್ಬರೇ ಇರುವವರು. ನಮಗೆ ಮನೆಯಲ್ಲಿ ಇರುವಾಗಲೇ ಭಯ.

ನಾಯಿ ಸಾಕಲು ತಾಯಿಯ ಆರೋಗ್ಯ ಒಪ್ಪುವುದಿಲ್ಲ. ಅದಕ್ಕೆ ಫಲಕ ಹಾಕಿಸಿದೆ. ಬರಿಯ ಫಲಕ ನಂಬುವಂತಿಲ್ಲ ಎಂದು ಪಡಸಾಲೆಯ ಕಂಬಕ್ಕೆ ದಪ್ಪ ಸರಪಳಿ, ಅದರ ಬುಡದಲ್ಲಿ ಅಂಚು ಸೊಟ್ಟಗಾದ ಸ್ಟೀಲಿನ ಬೋಗುಣಿ, ಬಾಗಿಲಲ್ಲಿ ಅಣ್ಣನ ಹಳೆಯ ಹನ್ನೊಂದು ನಂಬರಿನ ಚಪ್ಪಲಿ ಇಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ಒಳಗಿನಿಂದ ‘ಟೈಗರ್, ಸುಮ್ಮನಿರು’ ಎಂದು ಕೂಗುತ್ತೇನೆ. ಪರಿಣಾಮ ಏನಾಯಿತು ಗೊತ್ತೇ? ಅಂಚೆಯವರು ಕಾಗದವನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಕೊರಿಯರ್ ಹುಡುಗ ಪೊಟ್ಟಣವನ್ನು ಕಾಂಪೌಂಡಿನ ಮೇಲಿಂದ ಎಸೆಯುತ್ತಾನೆ, ಒಂದು ಸಲ ಗಾಜಿನ ಬಟ್ಟಲುಗಳು ಚೂರಾದವು. ಹುಮನಾಬಾದಿನಿಂದ ಬಂದ ಸೋದರತ್ತೆ ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತು ನನಗೆ ಫೋನ್ ಮಾಡಿ ‘ನಾಯಿ ಯಾವಾಗ ತಂದಿರಿ, ಒಂದು ಮಾತು ಹೇಳಲಿಲ್ಲ’ ಎಂದು ಬೈದಳು.

ಓಣಿಯ ಮಕ್ಕಳಿಗೆಲ್ಲ ಟೈಗರ್ ಇಲ್ಲ ಎಂದು ಗೊತ್ತು. ಗೇಟಿನ ಮುಂದೆ ನಿಂತು ಅವನ ಯೋಗಕ್ಷೇಮ ವಿಚಾರಿಸುತ್ತಾರೆ. ಆದರೂ ನಾನು ಫಲಕ ತೆಗೆಯುವುದಿಲ್ಲ. ಗೊತ್ತಿಲ್ಲದವನು ಒಂದು ಕ್ಷಣ ಅನುಮಾನಿಸಿ ನಿಂತರೆ, ಆ ಕ್ಷಣದಲ್ಲಿ ನಾನು ಎದುರು ಮನೆಯವರಿಗೆ ಕರೆ ಮಾಡಬಹುದು.

ನಂದಿನಗರದ ಪಶುವೈದ್ಯೆ · ಸೋಮವಾರ ಮಧ್ಯಾಹ್ನ

ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಿ ಈಗ ಕಲಬುರಗಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳ್ಳತನದ ಸುದ್ದಿ ಬಂದ ವಾರದಲ್ಲಿ ‘ಒಂದು ಜೋರಾದ ನಾಯಿ ಹೇಳಿ ಮೇಡಂ’ ಎಂದು ಕೇಳುವವರು ಬರುತ್ತಾರೆ. ಆರು ತಿಂಗಳ ನಂತರ ಅದೇ ನಾಯಿಯನ್ನು ಯಾರಾದರೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಲು ಅವರೇ ಬರುತ್ತಾರೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಾಯಿಗೆ ಮೈತುಂಬ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ನಮ್ಮ ಮೇ ತಿಂಗಳಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ದಟ್ಟ ಕೂದಲಿನ ಜಾತಿಗಳನ್ನು ಸಾಕುವುದು ಅವುಗಳಿಗೆ ಶಿಕ್ಷೆ. ಪಗ್‌ನಂಥ ಚಪ್ಪಟೆ ಮೂತಿಯವುಗಳ ಪಾಡು ಇನ್ನೂ ಕಷ್ಟ. ಮಾಳಿಗೆ ಮೇಲೆ ಮಲಗುವವರ ನಾಯಿ ಫರಸಿಯ ಮೇಲೆ ಕಾಲು ಚಾಚಿ ಮಲಗಿತ್ತೆಂದರೆ ಅದು ಸೋಮಾರಿತನವಲ್ಲ, ಹಗಲಿಡೀ ಕಾವು ತಿಂದು ಸುಸ್ತಾಗಿರುತ್ತದೆ.

ಮುಧೋಳ ನಾಯಿ ತರಲೇ ಎಂದು ಹಲವರು ಕೇಳುತ್ತಾರೆ. ನಮ್ಮ ಕರ್ನಾಟಕದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು, ತೆಳು ಕೂದಲು, ಬಿಸಿಲಿಗೆ ಒಗ್ಗುತ್ತದೆ, ಎಲ್ಲವೂ ಸರಿ. ಆದರೆ ಅದು ಕಣ್ಣಿನಿಂದ ಬೇಟೆ ಹುಡುಕಿ ಅಟ್ಟಿಸಿಕೊಂಡು ಹೋಗುವ ಜಾತಿ. ಅದಕ್ಕೆ ಓಡಲು ಬಯಲು ಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿ ಹಾಕಿ ಕಾವಲು ಕಾಯಿ ಎನ್ನುವುದು ತರವಲ್ಲ. ಬರಿಯ ಎಚ್ಚರಿಕೆಗಾಗಿ ನಾಯಿ ಬೇಕಿದ್ದರೆ ನಮ್ಮ ಊರ ನಾಯಿಯ ಮರಿಯೇ ಸಾಕು. ಕಿವಿ ಚುರುಕು, ಹೊಸಬರ ಬಗ್ಗೆ ಅನುಮಾನ ಹೆಚ್ಚು, ಜೋಳದ ರೊಟ್ಟಿಗೂ ಈ ಹವೆಗೂ ಹೊಂದಿಕೊಳ್ಳುತ್ತದೆ. ರೊಟ್ಟಿ ಒಂದೇ ಸಾಲದು, ಮೊಟ್ಟೆಯೋ ಮಾಂಸವೋ ಬೇಕು, ಅದು ಬೇರೆ ಮಾತು.

ನಾಯಿ ಎಲ್ಲಿ ಮಲಗುತ್ತದೆ ಎಂಬುದು ಜಾತಿಗಿಂತ ಮುಖ್ಯ. ಮನೆಯವರ ಹತ್ತಿರ, ಬಾಗಿಲ ಒಳಗಡೆ ಮಲಗುವ ಪುಟ್ಟ ನಾಯಿ ಹಿತ್ತಲಿನ ಸರಪಳಿಯಲ್ಲಿರುವ ದೊಡ್ಡ ನಾಯಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಗಲೂ ರಾತ್ರಿ ಕಟ್ಟಿದ ನಾಯಿ ಎಲೆ ಅಲುಗಿದರೂ ಬೊಗಳುತ್ತದೆ, ಮನೆಯವರು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ಅಷ್ಟೇ ಅಲ್ಲ, ಗಿಡ್ಡ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ.

ವಿಷದ ಬಗ್ಗೆ ಹೇಳಲೇಬೇಕು. ನಮ್ಮದು ತೊಗರಿ, ಹತ್ತಿಯ ಸೀಮೆ. ಸಿಂಪಡಿಸುವ ಔಷಧ ಎಲ್ಲರ ಕೈಗೂ ಸಿಗುತ್ತದೆ. ಮಾಂಸದ ತುಂಡಿನಲ್ಲಿ ಅದನ್ನು ಬೆರೆಸಿ ಎಸೆದರೆ ನಾಯಿಗೆ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಣ್ಣ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಹುಣಸೆ ರಸ, ಉಪ್ಪು ನೀರು ಕುಡಿಸುತ್ತ ಕೂರಬೇಡಿ, ಕೂಡಲೇ ಪಶು ಆಸ್ಪತ್ರೆಗೆ ತನ್ನಿ. ಈ ಬಗೆಯ ಎಷ್ಟೋ ಕೀಟನಾಶಕಗಳಿಗೆ ಆಟ್ರೋಪಿನ್ ಚುಚ್ಚುಮದ್ದು ಇದೆ, ಆದರೆ ಹೊತ್ತು ಮೀರಬಾರದು. ನೆಲದ ಮೇಲೆ ಬಿದ್ದದ್ದನ್ನು ಮೂಸಬಾರದು, ತಟ್ಟೆಯಲ್ಲಿ ಹಾಕಿದ್ದನ್ನೇ ತಿನ್ನಬೇಕು ಎಂದು ಮರಿಯಿದ್ದಾಗಲೇ ಕಲಿಸಿ. ಬಿಸ್ಕತ್ತು ಕೊಟ್ಟವರೆಲ್ಲ ಗೆಳೆಯರು ಎಂದು ಅದಕ್ಕೆ ಕಲಿಸಿದವರು ನಾವೇ.

ಮಾಳಿಗೆ ಮೇಲೆ ಮಲಗುವವ · ಸೋಮವಾರ ಮಧ್ಯಾಹ್ನ

ಅವ್ವನಿಗೆ ಓದಿ ಹೇಳಿದೆ. ನಾಯಿಯ ಮೇಲಿನ ಆರೋಪ ವಜಾ ಆಗಿದೆ.

ಶಹಾಬಜಾರ್ · ಸೋಮವಾರ ಸಂಜೆ

ದುಡ್ಡು ಕೊಟ್ಟು ನಾಯಿ ಏಕೆ ತರಬೇಕು? ನಮ್ಮ ಓಣಿಯಲ್ಲಿ ನಾಲ್ಕೈದು ಬೀದಿನಾಯಿಗಳಿವೆ. ರಾತ್ರಿ ಹನ್ನೊಂದರ ಮೇಲೆ ಹೊಸಬರು ಕಾಲಿಟ್ಟರೆ ಮೂಲೆಯಿಂದ ಮೂಲೆಗೆ ಸುದ್ದಿ ಮುಟ್ಟುತ್ತದೆ. ಕಟ್ಟೆಯ ಮೇಲೆ ಮಲಗಿದ ಹಿರಿಯರು ‘ಯಾರದು’ ಎನ್ನುತ್ತಾರೆ. ಹೊಸ ಬಡಾವಣೆಗಳಲ್ಲಿ ಕಟ್ಟೆಯೂ ಇಲ್ಲ, ಹಿರಿಯರೂ ಇಲ್ಲ.

ಗಂಜ್ ರಸ್ತೆ · ಸೋಮವಾರ ಸಂಜೆ

ಅದೇ ನಾಯಿಗಳು ಬೆಳಗಿನ ಜಾವ ಹಾಲು ಹಾಕುವ ಹುಡುಗನನ್ನೂ ಅಟ್ಟಿಸಿಕೊಂಡು ಹೋಗುತ್ತವೆ. ನಮ್ಮ ಅಣ್ಣನ ಮಗಳಿಗೆ ಟ್ಯೂಷನ್‌ನಿಂದ ಬರುವಾಗ ಕಚ್ಚಿದವು. ಸೂಜಿಗಾಗಿ ಅಲೆದಾಡಿದವರಿಗೆ ಗೊತ್ತು ಆ ಕಾವಲಿನ ಬೆಲೆ.

ನಂದಿನಗರದ ಪಶುವೈದ್ಯೆ · ಸೋಮವಾರ ಸಂಜೆ

ಇಬ್ಬರ ಮಾತೂ ನಿಜ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿದ ಬೀದಿನಾಯಿಗಳನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು, ಆಹಾರವನ್ನು ಗೊತ್ತುಪಡಿಸಿದ ಸ್ಥಳದಲ್ಲೇ ಹಾಕಬೇಕು ಎಂದಿದೆ. ನಿಮ್ಮ ಓಣಿಯ ನಾಯಿಗಳಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಎರಡೂ ಆಗಿವೆಯೇ ಎಂದು ಪಾಲಿಕೆಯಲ್ಲಿ ಕೇಳಿ. ಕಚ್ಚಿದರೆ ಅರಿಸಿನ, ಸುಣ್ಣ, ಖಾರ ಏನನ್ನೂ ಮೆತ್ತಬೇಡಿ. ಹರಿಯುವ ನೀರು, ಸಾಬೂನು, ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಲಸಿಕೆ ಹಾಕಿಸಿ.

ಕರಿಕೋಟು · ಸೋಮವಾರ ರಾತ್ರಿ

ವಕೀಲನ ಎರಡು ಮಾತು. ಫಲಕ ಹಾಕಿದ ಮಾತ್ರಕ್ಕೆ ನಾಯಿಯ ಮಾಲೀಕನ ಹೊಣೆ ಕಳೆಯುವುದಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಸಾಕಷ್ಟು ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೇಟು ತೆರೆದಿಟ್ಟು, ನಾಯಿ ಬಿಟ್ಟು, ‘ಫಲಕ ಓದಲಿಲ್ಲವೇ’ ಎಂದು ಕೇಳುವ ಮಹನೀಯರು, ಆ ಫಲಕ ನಾಯಿಯ ಸ್ವಭಾವ ಅವರಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೂ ಸಾಕ್ಷಿಯಾಗಬಹುದು ಎಂದು ತಿಳಿದಿರಲಿ.

ಕಳ್ಳತನವಾದವರು ದೂರು ಕೊಡಲು ಹಿಂಜರಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮನೆಯಲ್ಲಿ ಕಳ್ಳತನ ಮಾಡಿದವನಿಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಕಾಂಪೌಂಡ್ ತಂತಿಗೆ ಮನೆಯ ಕರೆಂಟ್ ಹರಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಅದಕ್ಕೆ ಸಿಕ್ಕಿಕೊಳ್ಳುವುದು ಚೆಂಡು ತರಲು ಹತ್ತಿದ ಮಗು.

ಹಳೆಯ ಬೀಟ್ · ಮಂಗಳವಾರ ಬೆಳಿಗ್ಗೆ

ವಕೀಲರ ಮಾತಿಗೆ ಸೇರಿಸುತ್ತೇನೆ. ದೂರು ಕೊಡುವ ಮೊದಲೇ ಮನೆ ಗುಡಿಸಿ ಒರೆಸುವವರಿದ್ದಾರೆ. ಮುರಿದ ಬೀಗ, ಕಪಾಟಿನ ಹಿಡಿಕೆ ಏನನ್ನೂ ಮುಟ್ಟಬೇಡಿ, ಬೆರಳಚ್ಚಿನವರೂ ಶ್ವಾನದಳದವರೂ ಬರುವವರೆಗೆ ಕಾಯಿರಿ. ಬಂದ ನಾಯಿ ಸಲಾಕೆಯನ್ನೋ ಬೀಗವನ್ನೋ ಮೂಸಿ, ಹಿಂಬಾಗಿಲಿನಿಂದ ಇಳಿದು, ಖಾಲಿ ನಿವೇಶನ ದಾಟಿ, ಡಾಂಬರು ರಸ್ತೆಯ ತನಕ ಜಗ್ಗಿಕೊಂಡು ಹೋಗುತ್ತದೆ. ಅಲ್ಲಿ ಸುತ್ತು ಹಾಕಿ ನಿಂತುಬಿಡುತ್ತದೆ. ಸುತ್ತ ನೆರೆದವರು ನಗುತ್ತಾರೆ. ನಾವು ನಗುತ್ತಿರಲಿಲ್ಲ. ಬೈಕು ಎಲ್ಲಿ ನಿಲ್ಲಿಸಿದ್ದರು ಎಂದು ಗೊತ್ತಾಯಿತಲ್ಲ, ಆ ರಸ್ತೆಯ ಅಂಗಡಿಗಳ ಕ್ಯಾಮೆರಾ ನೋಡಲು ಅಷ್ಟು ಸಾಕಾಗುತ್ತಿತ್ತು. ಕ್ಯಾಮೆರಾ ಹಾಕಿಸುವವರು ಅದರ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲಿ ಇಡಬೇಡಿ, ಕಳ್ಳರು ಅದನ್ನೂ ಹೊತ್ತುಕೊಂಡು ಹೋಗುತ್ತಾರೆ.

ಲೆಕ್ಕದ ಮಾಸ್ತರ · ಮಂಗಳವಾರ ಮಧ್ಯಾಹ್ನ

ಸೇಡಂ ರಸ್ತೆಯವರೇ, ನಿಮ್ಮ ಸಾಲಿನಲ್ಲಿ ಎರಡು ಮನೆ ಒಡೆದ ಮೇಲೆ ಅಪಾಯ ಕಳೆಯಿತು ಎಂದುಕೊಳ್ಳಬೇಡಿ. 1980ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ ಕಂಡದ್ದು ಇದೇ: ಒಮ್ಮೆ ಕಳ್ಳತನವಾದ ಮನೆಗೇ ಮತ್ತೆ ಬರುವ ಸಂಭವ ಹೆಚ್ಚು. ನೆರೆಯ ಮನೆಗಳಿಗೂ ಆ ಅಪಾಯ ತಗುಲುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ಅಲ್ಲಿ ಏನು ಮಾಡಿದರೆಂದರೆ, ಕಳ್ಳತನವಾದ ಮನೆಯ ಬಾಗಿಲು ಕಿಟಕಿಗಳನ್ನು ಕೂಡಲೇ ಭದ್ರಪಡಿಸಿದರು, ಕಳ್ಳರ ಕಣ್ಣು ಬೀಳುತ್ತಿದ್ದ, ನಾಣ್ಯ ಹಾಕಿ ಬಳಸುವ ಗ್ಯಾಸ್, ವಿದ್ಯುತ್ ಮೀಟರುಗಳನ್ನು ತೆಗೆಸಿದರು, ಸುತ್ತಲಿನ ಕೆಲವೇ ಮನೆಗಳವರನ್ನು ಸೇರಿಸಿ ಆ ಮನೆಯ ಮೇಲೆ ಕಣ್ಣಿಡುವ ಗುಂಪು ಕಟ್ಟಿದರು. ಮೂರು ವರ್ಷಗಳಲ್ಲಿ ಕಳ್ಳತನ ಶೇ 75ರಷ್ಟು ಇಳಿಯಿತು. ಇಡೀ ಬಡಾವಣೆಗೆ ಕಾವಲು ಹಾಕಲಿಲ್ಲ ಎಂಬುದನ್ನು ಗಮನಿಸಿ.

ಬೀಗದಂಗಡಿ, ಸೂಪರ್ ಮಾರ್ಕೆಟ್ · ಮಂಗಳವಾರ ಸಂಜೆ

ಎರಡು ದಿನದಿಂದ ಓದುತ್ತಿದ್ದೇನೆ. ಬೀಗದ ಬಗ್ಗೆ ಯಾರೂ ಕೇಳಲಿಲ್ಲ.

‘ಬೀಗ ಒಡೆದರು’ ಎಂದು ನೀವು ಹೇಳುತ್ತೀರಿ. ರಿಪೇರಿಗೆ ಹೋದಾಗ ನಾನು ನೋಡುವುದು, ಬೀಗ ಗಟ್ಟಿಯಾಗಿಯೇ ಇರುತ್ತದೆ, ಕೊಂಡಿ ಸಮೇತ ಕಿತ್ತು ಬಂದಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಅಂಗೈ ಅಗಲದ ಬೀಗ ಕೊಳ್ಳುತ್ತಾರೆ. ಅದನ್ನು ಹಾಕುವುದು ಮನೆ ಕಟ್ಟಿದಾಗ ಬಡಿಗ ಬಡಿದ ತೆಳು ತಗಡಿನ ಕೊಂಡಿಗೆ. ಅದಕ್ಕೆ ನಾಲ್ಕು ಸಣ್ಣ ಸ್ಕ್ರೂ, ಅದರಲ್ಲಿ ಒಂದು ಸಡಿಲ. ಸಲಾಕೆ ತೂರಿಸಿ ಒಂದು ಸಲ ಮೀಟಿದರೆ ಮುಗಿಯಿತು, ನಾಯಿ ಮೂರನೆಯ ಸಲ ಬೊಗಳುವುದರೊಳಗೆ ಅವನು ಒಳಗಿರುತ್ತಾನೆ. ಕೊಂಡಿಯ ಸ್ಕ್ರೂ ತೆಗೆಸಿ, ಬಾಗಿಲಿನ ಆಚೆ ಬದಿಗೆ ಹಾಯುವ ಬೋಲ್ಟ್ ಹಾಕಿಸಿ ಒಳಗಿನಿಂದ ನಟ್ಟು ಬಿಗಿಸಿ. ಇದಕ್ಕೆ ಆಗುವ ಖರ್ಚು ನಾಯಿಯ ಒಂದು ತಿಂಗಳ ಊಟಕ್ಕಿಂತ ಕಡಿಮೆ.

ಸಾಧ್ಯವಿದ್ದರೆ ಬಾಗಿಲ ಹೊಟ್ಟೆಯೊಳಗೆ ಕೂರುವ ಇಂಟರ್‌ಲಾಕ್ ಹಾಕಿಸಿ. ಹೊರಗಿನಿಂದ ನೋಡಿದವನಿಗೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಮುಂಬಾಗಿಲು ತೇಗದ್ದು, ಹಿಂಬಾಗಿಲು ಪ್ಲೈವುಡ್, ಮಾಳಿಗೆಯ ಮೆಟ್ಟಿಲ ಕೋಣೆಗೆ ಪ್ಲಾಸ್ಟಿಕ್ ಬಾಗಿಲು, ಇದು ನಮ್ಮ ಊರ ಪದ್ಧತಿ. ಕಳ್ಳನಿಗೆ ಮುಂಬಾಗಿಲೇ ಬೇಕೆಂಬ ಹಟವಿಲ್ಲ.

ಬ್ರಹ್ಮಪುರದ ಮನೆ · ಮಂಗಳವಾರ ಸಂಜೆ

ನಮ್ಮ ಮೆಟ್ಟಿಲ ಕೋಣೆಗೆ ಪ್ಲಾಸ್ಟಿಕ್ ಬಾಗಿಲೇ ಇದೆ. ಟೈಗರ್‌ನನ್ನು ನಂಬಿ ಕೂತಿದ್ದೆ. ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ?

ಬೀಗದಂಗಡಿ, ಸೂಪರ್ ಮಾರ್ಕೆಟ್ · ಮಂಗಳವಾರ ರಾತ್ರಿ

ರಾತ್ರಿ ಎಂಟೂವರೆ. ಬಾಗಿಲಿನ ಅಳತೆ, ದಪ್ಪ ಎರಡನ್ನೂ ಬರೆದುಕೊಂಡು ಬನ್ನಿ.

ಸೇಡಂ ರಸ್ತೆಯವ · ಬುಧವಾರ ಬೆಳಿಗ್ಗೆ

ಎಲ್ಲರಿಗೂ ವಂದನೆ. ನಿನ್ನೆ ಸಂಜೆ ನಮ್ಮ ಸಾಲಿನ ಮನೆಯವರೆಲ್ಲ ಸೇರಿದ್ದೆವು. ನಾಯಿ ಇದ್ದ ಮನೆಯವರು ಅದನ್ನು ಹಿತ್ತಲಿನಿಂದ ಬಿಚ್ಚಿ ಪಡಸಾಲೆಗೆ ತಂದಿದ್ದಾರೆ. ರಾತ್ರಿ ಅದು ಬಿಡದೆ ಬೊಗಳಿದರೆ ಎರಡೂ ಪಕ್ಕದವರು ದೀಪ ಹಾಕಿ ‘ಯಾರದು’ ಎಂದು ಕೂಗಬೇಕು, ಹೊರಗೆ ಬರಬಾರದು, 112ಕ್ಕೆ ಕರೆ ಮಾಡಬೇಕು ಎಂದು ಮಾತಾಗಿದೆ. ಊರಿಗೆ ಹೋದವರ ಅಂಗಳಕ್ಕೆ ನೀರು ಹಾಕಿ, ಪತ್ರಿಕೆ ಎತ್ತಿಡುವ ಕೆಲಸ ಪಕ್ಕದ ಮನೆಯವರದು. ನಿವೇಶನದ ಮಾಲೀಕರಿಗೆ ಜಾಲಿ ಕಡಿಸಲು ಹೇಳಿದ್ದೇವೆ. ಅವರಲ್ಲಿ ಇಬ್ಬರು ಪುಣೆಯಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ.

ನಮ್ಮ ಮನೆಗೆ ಇಂಟರ್‌ಲಾಕ್ ಹಾಕಿಸುತ್ತಿದ್ದೇನೆ. ಹಿಂಬಾಗಿಲಿಗೆ ಬೋಲ್ಟ್ ಕೊಂಡಿ. ನಾಯಿಯ ಬಗ್ಗೆ ಹೆಂಡತಿ ಪಶುವೈದ್ಯೆಯವರ ಬರಹವನ್ನು ಓದಿ, ಹಗಲೆಲ್ಲ ಯಾರೂ ಇಲ್ಲದ ಮನೆಗೆ ಮರಿ ತರುವುದು ಬೇಡ, ಅಪ್ಪ ಹೊಲದ ಕೆಲಸ ಬಿಟ್ಟು ಇಲ್ಲೇ ನೆಲೆಸಿದ ಮೇಲೆ ನೋಡೋಣ ಎಂದಿದ್ದಾಳೆ. ಅಪ್ಪನಂತೂ ಕಾಯಲಿಲ್ಲ. ನಿನ್ನೆಯೇ ಫಲಕ ತಂದು ಕಟ್ಟಿಬಿಟ್ಟಿದ್ದಾರೆ. ಕನ್ನಡ, ಉರ್ದು ಎರಡರಲ್ಲೂ ಇದೆ, ನಾಯಿಯ ಚಿತ್ರ ಮಾತ್ರ ನರಿಯ ಹಾಗೆ ಕಾಣುತ್ತದೆ.

ನಾವು ಯುಗಾದಿಗೆ ಶ್ರೀಶೈಲಕ್ಕೆ ಹೋಗುವವರು, [ಈ ಸಾಲನ್ನು ಬರೆದವರೇ ತೆಗೆದಿದ್ದಾರೆ]

ಹಳೆಯ ಬೀಟ್ · ಬುಧವಾರ ಬೆಳಿಗ್ಗೆ

ಹೊರಡುವ ದಿನ, ಮರಳುವ ದಿನ ಎರಡನ್ನೂ ಊರೆಲ್ಲ ಓದುವ ಕಡೆ ಬರೆದಿದ್ದೀರಲ್ಲ, ಕೂಡಲೇ ಅಳಿಸಿ. ಅದನ್ನು ಒಂದು ಹಾಳೆಯ ಮೇಲೆ ಬರೆದು ನಿಮ್ಮ ಠಾಣೆಯಲ್ಲಿ ಕೊಡಿ. ರಾತ್ರಿ ಗಸ್ತಿನವರು ಆ ಕಡೆ ಒಂದು ಸುತ್ತು ಹಾಕಿ ಹೋಗುತ್ತಾರೆ. ಬೆಟ್ಟ ಹತ್ತಿದ ಫೋಟೊಗಳನ್ನೂ ಮನೆಗೆ ಬಂದ ಮೇಲೆಯೇ ಹಾಕಿ.